ತಂತಿಗೂ ಬಿಸಿಲು ತಾಗುತ್ತದೆ!

ಬಿಸಿಲು ಏರಿದಷ್ಟೂ ಬೆಂಕಿ ತಣ್ಣಗಾಗುತ್ತಿತ್ತು!

ಹೌದು, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಕಲಬುರಗಿ ಜಿಲ್ಲೆಯ ಫರಸಿಕಲ್ಲಿನ ಸೀಮೆ, ಮೇ ತಿಂಗಳು, ಹೊರಗೆ 43 ಡಿಗ್ರಿ. ಅಲ್ಲಿನ ಒಂದು ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ, ಏಸಿಯ ತಂಪಿನಲ್ಲಿ ನಾನು ಕೂತಿದ್ದೆ. ಎದುರಿನ ಪರದೆಯ ಮೇಲೆ ಪ್ರೀಹೀಟರ್ ಗೋಪುರದ ಬುಡದ ಉಷ್ಣತೆ. ನಸುಕಿನಲ್ಲಿ 862 ಡಿಗ್ರಿ ಇದ್ದದ್ದು ಹತ್ತು ಗಂಟೆಗೆ 850ಕ್ಕೆ ಇಳಿಯಿತು. ಮಧ್ಯಾಹ್ನ ಎರಡಕ್ಕೆ 832! ಉರಿಯುವ ಕಲ್ಲಿದ್ದಲು ಅಷ್ಟೇ, ಸುರಿಯುವ ಕಲ್ಲಿನ ಪುಡಿ ಅಷ್ಟೇ, ಎಳೆಯುವ ಗಾಳಿಯೂ ಅಷ್ಟೇ. ಸೂರ್ಯ ನೆತ್ತಿಗೆ ಬಂದ ಹೊತ್ತಿನಲ್ಲೇ ಒಳಗಿನ ಬೆಂಕಿಗೆ ಚಳಿ ಹಿಡಿದ ಹಾಗೆ! ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ.

ಅಲ್ಲಿಯ ಹಿರಿಯ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ನರನ್ನು ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ಮೂವತ್ತು ವರ್ಷ ತಂತಿಗಳ ನಡುವೆಯೇ ಕಳೆದವರು. ಅವರು ಮೂರನೆಯ ದಿನ ಒಂದು ಹಳೆಯ ಗೋಣಿಚೀಲವನ್ನು ಬಕೆಟ್ಟಿನಲ್ಲಿ ಅದ್ದಿ, ಹೆಗಲ ಮೇಲೆ ಹಾಕಿಕೊಂಡು, "ಬರ್ರಿ ಸರ" ಅಂದರು. ಗೋಪುರದ ಮೆಟ್ಟಿಲು ಹತ್ತಿದೆವು. ಪಡುವಲ ಕಡೆಯ ಕಂಬವೊಂದಕ್ಕೆ ಬೂದು ಬಣ್ಣದ ಒಂದು ಜಂಕ್ಷನ್ ಬಾಕ್ಸ್, ನೇರ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಮುಟ್ಟಲು ಹೋದ ನನ್ನ ಬೆರಳು ಚುರ್ರೆಂದಿತು. ಕಾಕಾ ಅದರ ಮೇಲೆ ಒದ್ದೆ ಗೋಣಿ ಹೊದಿಸಿದರು. ಮತ್ತೊಂದಿಷ್ಟು ನೀರು ಸುರಿದರು. ಕೈಯಲ್ಲಿದ್ದ ವಾಕಿಟಾಕಿಯಿಂದ ಕಂಟ್ರೋಲ್ ರೂಮಿನ ಹುಡುಗನ ದನಿ: "ಕಾಕಾ, 832... 836... 843... ಏನ್ ಮಾಡ್ಲಿಕತ್ತೀರಿ ಅಲ್ಲಿ? 851!"

ಬೆಂಕಿಯನ್ನು ನಾವು ಮುಟ್ಟಿಯೇ ಇರಲಿಲ್ಲ! ಅದು ಅಷ್ಟು ದೂರದಲ್ಲಿ, ಇಟ್ಟಿಗೆ ಗೋಡೆಯ ಆಚೆ ತನ್ನ ಪಾಡಿಗೆ ಉರಿಯುತ್ತಿತ್ತು. ನಾವು ತಣಿಸಿದ್ದು ಒಂದು ತಗಡಿನ ಡಬ್ಬಿಯನ್ನು. ಡಬ್ಬಿ ತಣ್ಣಗಾದರೆ ಬೆಂಕಿ ಬಿಸಿಯಾಗುತ್ತದೆ!

"ಬೆಂಕಿ ಆರಿಲ್ರಿ ಸರ. ಇಲ್ಲಿ ಬಿಸಲು ಬಡದ್ರ ಅಲ್ಲಿ ಥಂಡಿ ತೋರಸ್ತದ, ಅಷ್ಟ" ಅಂದರು ಕಾಕಾ. ಆ ಒಂದು ಮಾತಿನ ಬೆನ್ನು ಹತ್ತಿದ ಮೇಲೆ ನಾನು ಯಾವ ತಂತಿಯನ್ನೂ ಮೊದಲಿನ ಕಣ್ಣಿನಿಂದ ನೋಡಲಾರದವನಾಗಿದ್ದೇನೆ.

ತಂತಿ ಎಂದರೆ ನಮ್ಮ ಲೆಕ್ಕದಲ್ಲಿ ಏನು? ಸುದ್ದಿ ಹೊತ್ತು ತರುವ ಆಳು. ಅಲ್ಲಿ ಕೊಟ್ಟದ್ದನ್ನು ಇಲ್ಲಿ ಮುಟ್ಟಿಸಬೇಕು, ದಾರಿಯಲ್ಲಿ ತನ್ನದೇನನ್ನೂ ಸೇರಿಸಬಾರದು. ಆದರೆ ಉಷ್ಣತೆಯ ಸುದ್ದಿಯ ಮಟ್ಟಿಗೆ ಹಾಗೆ ನಡೆಯುವುದಿಲ್ಲ, ಏಕೆಂದರೆ ತಂತಿ ತಾನೇ ಒಂದು ಥರ್ಮಾಮೀಟರು! ಕುಲುಮೆಯಿಂದ ಪ್ಯಾನಲ್ಲಿನವರೆಗಿನ ಆ ಮುನ್ನೂರು ನಾನ್ನೂರು ಮೀಟರ್ ದಾರಿಯುದ್ದಕ್ಕೂ ಬಿಸಿಲು, ನೆರಳು, ಉಗಿಯ ಕೊಳವೆಯ ಝಳ, ಏಸಿಯ ತಂಪು, ಎಲ್ಲವನ್ನೂ ಅದು ಮೈಯಲ್ಲಿ ಬರೆದುಕೊಳ್ಳುತ್ತಾ ಬರುತ್ತದೆ.

ಮೊದಲು ಕಾಕಾರ ಡಬ್ಬಿಯ ಒಗಟನ್ನೇ ಬಿಡಿಸೋಣ. 1821ರಲ್ಲಿ ಬರ್ಲಿನ್ನಿನಲ್ಲಿ ಥಾಮಸ್ ಯೋಹಾನ್ ಸೀಬೆಕ್ ಎರಡು ಬೇರೆ ಬೇರೆ ಲೋಹಗಳನ್ನು ಬಳೆಯ ಹಾಗೆ ಜೋಡಿಸಿ, ಒಂದು ಬೆಸುಗೆಯನ್ನು ಬಿಸಿ ಮಾಡಿದ. ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು! ಶಾಖದಿಂದ ಕಾಂತತ್ವ ಹುಟ್ಟಿತೆಂದು ಅವನು ತಿಳಿದ. ಹುಟ್ಟಿದ್ದು ವಿದ್ಯುತ್ತು, ಅದರ ಹರಿವಿಗೆ ಮುಳ್ಳು ತಿರುಗಿತ್ತು. ಇಂದು ಜಗತ್ತಿನ ಕುಲುಮೆಗಳ ಬಾಯಲ್ಲಿ ನಿಂತಿರುವ ಥರ್ಮೋಕಪಲ್ ಎಂಬ ಸರಳ ವಸ್ತು ಅದೇ ಬಳೆ. ಎರಡು ತಂತಿ, ತುದಿಯಲ್ಲಿ ಒಂದು ಬೆಸುಗೆಯ ಮಣಿ. ಕಾರ್ಖಾನೆಗಳಲ್ಲಿ ಹೆಚ್ಚು ಬಳಕೆಯ 'ಕೆ' ಮಾದರಿಯಲ್ಲಿ ಒಂದು ತಂತಿ ಕ್ರೋಮೆಲ್, ಇನ್ನೊಂದು ಅಲ್ಯುಮೆಲ್. ಎರಡೂ ಮುಖ್ಯವಾಗಿ ನಿಕ್ಕಲ್ಲೇ, ಬೆರಕೆ ಮಾತ್ರ ಬೇರೆ.

ಇಲ್ಲಿದೆ ನೋಡಿ ನನ್ನ ತಲೆ ತಿರುಗಿಸಿದ ಸಂಗತಿ. ಆ ವೋಲ್ಟೇಜು ಹುಟ್ಟುವುದು ಮಣಿಯಲ್ಲಿ ಅಲ್ಲ! ಇಷ್ಟು ದಿನ ನಾನು ಹಾಗೆಂದೇ ನಂಬಿದ್ದೆ. ಬೆಂಕಿಯಲ್ಲಿ ಬೇಯುವುದು ಮಣಿ ತಾನೇ? ಆದರೆ ಮಣಿಯ ಮೈ ಪೂರ್ತಿ ಒಂದೇ ಬಿಸಿ. ವೋಲ್ಟೇಜು ಹುಟ್ಟಬೇಕಾದರೆ ತಂತಿಯ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇರಬೇಕು. ಅಂದರೆ ತಂತಿ ಗೋಡೆಯನ್ನು ದಾಟುವ ಆ ಒಂದೆರಡು ಗೇಣಿನಲ್ಲಿ, 870 ಡಿಗ್ರಿಯಿಂದ ಸರಸರನೆ ಇಳಿಯುವ ಆ ಇಳಿಜಾರಿನಲ್ಲಿ ಹೆಚ್ಚಿನ ಪಾಲು ಹುಟ್ಟುತ್ತದೆ. ಮುಂದೆ ಬಿಸಿಲು ನೆರಳಾಗುವಲ್ಲಿ ಒಂದಿಷ್ಟು, ಕಂಟ್ರೋಲ್ ರೂಮಿನ ಬಾಗಿಲು ದಾಟುವಲ್ಲಿ ಇನ್ನೊಂದಿಷ್ಟು. ದಾರಿಯುದ್ದಕ್ಕೂ ಏರಿದಲ್ಲಿ ಕಳೆದು, ಇಳಿದಲ್ಲಿ ಕೂಡಿ, ಕೊನೆಗೆ ಲೆಕ್ಕ ಚುಕ್ತಾ! ಎರಡೂ ತಂತಿ ಪ್ಯಾನಲ್ಲಿನವರೆಗೆ ಅದೇ ಕ್ರೋಮೆಲ್, ಅದೇ ಅಲ್ಯುಮೆಲ್ ಆಗಿದ್ದರೆ ನಡುದಾರಿಯ ಬಿಸಿಲೆಲ್ಲ ತನ್ನಷ್ಟಕ್ಕೆ ತಾನೇ ಅಳಿಸಿಹೋಗುತ್ತದೆ. ಉಳಿಯುವುದು ಎರಡು ತುದಿಗಳ ವ್ಯತ್ಯಾಸ ಮಾತ್ರ. ಮೀಟರಿನ ಹಿಂದೆ ಕೂತ ಒಂದು ಪುಟ್ಟ ಸೆನ್ಸರ್ ತನ್ನ ಜಾಗದ ಉಷ್ಣತೆಯನ್ನು ನೋಡಿ ಅದಕ್ಕೆ ಕೂಡಿಸುತ್ತದೆ. ಬೆಂಕಿಯ ನಿಜವಾದ ಉಷ್ಣತೆ ಕೈಗೆ ಸಿಗುತ್ತದೆ.

ಈ ಲೆಕ್ಕ ಎಲ್ಲಿ ತಪ್ಪಿತೆಂಬುದನ್ನೇ ಕಾಕಾ ಕಂಡುಹಿಡಿದದ್ದು. ಹಿಂದೆ ಯಾವಾಗಲೋ ಒಂದು ರಿಪೇರಿಯಲ್ಲಿ ಸರಿಯಾದ ಕೇಬಲ್ ಕೈಗೆ ಸಿಗದೆ, ಆ ಡಬ್ಬಿಯಿಂದ ಪ್ಯಾನಲ್ಲಿಗೆ ಯಾರೋ ಸಾದಾ ತಾಮ್ರದ ಕೇಬಲ್ ಎಳೆದುಬಿಟ್ಟಿದ್ದರು. ಎರಡೂ ಎಳೆ ಒಂದೇ ತಾಮ್ರ. ಅಲ್ಲಿಂದ ಮುಂದೆ ವ್ಯತ್ಯಾಸ ಹುಟ್ಟುವುದೇ ಇಲ್ಲ. ಥರ್ಮೋಕಪಲ್ಲಿನ ಕತೆ ಡಬ್ಬಿಯಲ್ಲೇ ಮುಗಿಯಿತು. ಡಬ್ಬಿಯೊಳಗೆ 60 ಡಿಗ್ರಿ. ಮೀಟರಿಗೆ ಅದು ಗೊತ್ತಿಲ್ಲ, ಅದು ತನ್ನ ರೂಮಿನ 22 ಡಿಗ್ರಿಯನ್ನೇ ಕೂಡಿಸುತ್ತದೆ. ನಡುವಿನ 38 ಡಿಗ್ರಿ ಮಾಯ! ರಾತ್ರಿ ಡಬ್ಬಿ 30ಕ್ಕೆ ಇಳಿದಾಗ ಮಾಯವಾಗುವುದು ಬರೀ 8. ಬೆಂಕಿ ಹಗಲೂ ರಾತ್ರಿಯೂ 870ರಲ್ಲೇ ಇತ್ತು. ಪರದೆಯ ಮೇಲೆ ಏರಿಳಿಯುತ್ತಿದ್ದದ್ದು ಕಲಬುರಗಿಯ ಬಿಸಿಲು, ತಲೆಕೆಳಗಾಗಿ!

ಮರುದಿನ ಹಸಿರು ಬಿಳಿ ಎಳೆಗಳ ಸರಿಯಾದ ಎಕ್ಸ್‌ಟೆನ್ಷನ್ ಕೇಬಲ್ ಬಂತು. ಅದನ್ನು ಜೋಡಿಸುವಾಗ ಕಾಕಾ ಮಾಡಿದ ಒಂದು ಕೆಲಸವನ್ನು ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಎಳೆಗಳ ತುದಿ ಸುಲಿದು, ಅಂಗಿಯ ಜೇಬಿನಿಂದ ಬೆರಳುಗುರಿನಷ್ಟು ಚಿಕ್ಕ ಒಂದು ಅಯಸ್ಕಾಂತ ತೆಗೆದರು. ಒಂದು ಎಳೆಗೆ ಹಿಡಿದರು, ಏನೂ ಇಲ್ಲ. ಇನ್ನೊಂದಕ್ಕೆ ಹಿಡಿದರು, ಎಳೆ ತಟಕ್ಕನೆ ಬಾಗಿ ಅಂಟಿಕೊಂಡಿತು. "ಅಂಟಿದ್ದು ಮೈನಸ್" ಅಂದರು. ಅಲ್ಯುಮೆಲ್ ಅಯಸ್ಕಾಂತಕ್ಕೆ ಅಂಟುತ್ತದೆ, ಕ್ರೋಮೆಲ್ ಅಂಟುವುದಿಲ್ಲ! ಬಣ್ಣ ನೋಡಿದರೆ ಸಾಲದೇ ಎಂದು ಕೇಳಿದೆ. ಸಾಲದು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪು ಮೈನಸ್! "ಕೆಂಪಂದ್ರ ಪ್ಲಸ್ ಅಂತ ನಂಬಿ ಕೆಟ್ಟವರು ಭಾಳ ಮಂದಿ ಅದಾರ್ರಿ" ಎಂದರು. ಎರಡು ಕಡೆಯೂ ಎಳೆಗಳು ಅದಲುಬದಲಾದರೆ ಇನ್ನೂ ಕಷ್ಟ. ಬೆಂಕಿ ಏರಿದರೆ ಮೀಟರೂ ಏರುತ್ತದೆ, ಎಲ್ಲ ಸರಿಯಿದೆ ಎನ್ನಿಸುತ್ತದೆ, ಆದರೆ ಡಬ್ಬಿಗೂ ಪ್ಯಾನಲ್ಲಿಗೂ ಇರುವ ವ್ಯತ್ಯಾಸದ ಎರಡು ಪಟ್ಟು ತಪ್ಪು ಒಳಗೇ ಅಡಗಿ ಕೂತಿರುತ್ತದೆ. ಜೇಬಿನ ಆ ಅಯಸ್ಕಾಂತಕ್ಕೆ ಯಾವ ದೇಶದ ಬಣ್ಣದ ಹಂಗೂ ಇಲ್ಲ.

ಇದು ಕುಲುಮೆಯ ಕತೆ. ದೊಡ್ಡ ಫ್ಯಾನುಗಳ ಬೇರಿಂಗು, ಮೋಟಾರಿನ ಸುರುಳಿ ಮುಂತಾದ ಕಡೆ, ನೂರು ಡಿಗ್ರಿಯ ಆಸುಪಾಸಿನಲ್ಲಿ ಒಂದೊಂದು ಡಿಗ್ರಿಯೂ ಮುಖ್ಯವಾದಲ್ಲಿ, ಬೇರೆಯೇ ಒಂದು ಸೆನ್ಸರ್ ಇರುತ್ತದೆ. ಕಾರ್ಖಾನೆಯವರ ಬಾಯಲ್ಲಿ ಪಿಟಿ ಹಂಡ್ರೆಡ್. ಕೂದಲೆಳೆಯ ಪ್ಲಾಟಿನಂ ತಂತಿ. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ ಸರಿಯಾಗಿ 100 ಓಮ್, ನೂರು ಡಿಗ್ರಿಯಲ್ಲಿ 138.51 ಓಮ್. ಅಂದರೆ ಡಿಗ್ರಿಗೆ ಒಂದು ಓಮಿನ ಅರ್ಧವೂ ಇಲ್ಲ, 0.385. ಇದರ ಹುಟ್ಟು ನಡೆದದ್ದು ಎಲ್ಲಿ ಗೊತ್ತೇ? ಒಂದು ಹಡಗಿನ ಹೊಟ್ಟೆಯಲ್ಲಿ, ಉದ್ದನೆಯ ತಂತಿಯೊಂದರ ಮಡಿಲಲ್ಲಿ!

1860ರ ಸುಮಾರು. ರಂಗೂನಿನಿಂದ ಸಿಂಗಪುರಕ್ಕೆ ಸಮುದ್ರದ ತಳದಲ್ಲಿ ಎಳೆಯಬೇಕಾಗಿದ್ದ ಟೆಲಿಗ್ರಾಫ್ ಕೇಬಲ್ಲನ್ನು ಹಡಗಿನೊಳಗೆ ಸುತ್ತಿ ಸುತ್ತಿ ಒಟ್ಟಿದ್ದರು. ರಾಶಿಯ ಒಡಲಲ್ಲಿ ಕಾವು ಏಳುತ್ತಿದೆಯೇ ಎಂಬ ಅನುಮಾನ. ಕಾವು ಹೆಚ್ಚಿದರೆ ತಂತಿಯ ಹೊದಿಕೆಯಾದ ಗಟ್ಟಪರ್ಚ ಮೆತ್ತಗಾಗಿ ಕೇಬಲ್ಲೇ ಕೆಡುತ್ತದೆ. ಆದರೆ ಅಷ್ಟು ಆಳಕ್ಕೆ ಗಾಜಿನ ಥರ್ಮಾಮೀಟರನ್ನು ಇಳಿಸಿ ಓದುವುದು ಹೇಗೆ? ವಿಲಿಯಂ ಸೀಮೆನ್ಸ್ ಪದರಗಳ ನಡುನಡುವೆ ತಾಮ್ರದ ತಂತಿಯ ಸುರುಳಿಗಳನ್ನು ಇರಿಸಿದ. ತಾಮ್ರ ಬಿಸಿಯಾದರೆ ಅದರ ರೋಧ ಹೆಚ್ಚುತ್ತದೆ. ಹೊರಗೆ ಕೂತು ರೋಧ ಅಳೆದ, ಒಳಗಿನ ಕಾವು ಹೇಳಿದ. ಕಾವು ನಿಜವಾಗಿಯೂ ಏರುತ್ತಿತ್ತು! ಕೇಬಲ್ ಉಳಿಯಿತು. (ಅದು ರಂಗೂನಿಗೆ ಹೋಗಲೇ ಇಲ್ಲ, ಕೊನೆಗೆ ಮಾಲ್ಟಾ ಮತ್ತು ಅಲೆಕ್ಸಾಂಡ್ರಿಯದ ನಡುವೆ ಮೆಡಿಟರೇನಿಯನ್ನಿನ ತಳ ಸೇರಿತು.) 1871ರಲ್ಲಿ ಅದೇ ಸೀಮೆನ್ಸ್ ತಾಮ್ರದ ಬದಲು ಪ್ಲಾಟಿನಂ ಬಳಸುವ ಮಾತನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. 1887ರಲ್ಲಿ ಹ್ಯೂ ಕ್ಯಾಲೆಂಡರ್ ಅದನ್ನು ನಂಬಿಕೆಗೆ ಅರ್ಹವಾದ ಉಪಕರಣವಾಗಿ ತಿದ್ದಿ ನಿಲ್ಲಿಸಿದ.

ಈಗ ಯೋಚಿಸಿ. ಥರ್ಮಾಮೀಟರಾಗಿ ಹುಟ್ಟಿದ್ದೇ ತಾಮ್ರದ ತಂತಿ. ಇವತ್ತು ಪಿಟಿ ಹಂಡ್ರೆಡ್ಡಿನ ಸುದ್ದಿ ಹೊತ್ತು ತರುವುದೂ ತಾಮ್ರದ ತಂತಿ! ಪ್ಲಾಟಿನಂ ಒಂದು ಡಿಗ್ರಿಗೆ ನೂರಕ್ಕೆ 0.385ರಷ್ಟು ಬದಲಾದರೆ ತಾಮ್ರ 0.39ರಷ್ಟು ಬದಲಾಗುತ್ತದೆ. ಯಜಮಾನ ಎಷ್ಟು ಸೂಕ್ಷ್ಮವೋ ಆಳೂ ಅಷ್ಟೇ ಸೂಕ್ಷ್ಮ. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ಎಳೆಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. ಬೇರಿಂಗಿನಿಂದ ಪ್ಯಾನಲ್ಲಿಗೆ 200 ಮೀಟರ್ ಇದ್ದರೆ ಹೋಗಿ ಬರುವ ದಾರಿ 400 ಮೀಟರ್, ಅಂದರೆ 4.8 ಓಮ್. ಎರಡೇ ಎಳೆಯಲ್ಲಿ ಜೋಡಿಸಿದರೆ 60 ಡಿಗ್ರಿಯ ಬೇರಿಂಗ್ 72 ಡಿಗ್ರಿ ದಾಟಿದಂತೆ ಕಾಣುತ್ತದೆ. ಆ ಹನ್ನೆರಡು ಡಿಗ್ರಿಯನ್ನು ಒಮ್ಮೆ ಕಳೆದುಬಿಟ್ಟರಾಯಿತಲ್ಲ ಎನ್ನುತ್ತೀರಾ? ನಸುಕಿನಿಂದ ನಡುಹಗಲಿಗೆ ಕೇಬಲ್ ಟ್ರೇ 15 ಡಿಗ್ರಿ ಕಾದರೆ ತಾಮ್ರದ ರೋಧವೇ ಬದಲಾಗಿ ಮತ್ತೆ ಮುಕ್ಕಾಲು ಡಿಗ್ರಿ ಜಾರುತ್ತದೆ. ಮತ್ತೆ ಬಿಸಿಲು!

ಪರಿಹಾರ ಎಷ್ಟು ಸರಳ, ಎಷ್ಟು ಚೆಂದ! ಮೂರನೆಯದೊಂದು ಎಳೆಯನ್ನೂ ಅದೇ ಕೇಬಲ್ಲಿನಲ್ಲಿ, ಅದೇ ಉದ್ದ, ಅದೇ ದಪ್ಪದಲ್ಲಿ ಎಳೆಯುತ್ತಾರೆ. ಸೀಮೆನ್ಸನ ಕಾಲದಿಂದಲೂ ಬಂದ ಉಪಾಯವಿದು. ಜೊತೆಯ ಎಳೆ ಉಂಡ ಬಿಸಿಲನ್ನೇ ಇದೂ ಉಣ್ಣುತ್ತದೆ. ಇದರ ರೋಧವನ್ನು ಅಳೆದು ಒಟ್ಟಿನಿಂದ ಕಳೆದರೆ ದಾರಿಯ ಲೆಕ್ಕ ಮಾಯ, ಬೇರಿಂಗಿನ ಲೆಕ್ಕ ಮಾತ್ರ ಉಳಿಯಿತು. ಆದರೆ ಮೂರೂ ಎಳೆ ನಿಜವಾಗಿಯೂ ಸಮಾನವಾಗಿರಬೇಕು. ಒಂದು ಟರ್ಮಿನಲ್ಲಿನ ಸ್ಕ್ರೂ ಸಡಿಲವಾಗಿ, ಸಿಮೆಂಟಿನ ಧೂಳು ಕೂತು, ಅರ್ಧ ಓಮ್ ಹೆಚ್ಚಾಯಿತೋ, ಒಂದು ಡಿಗ್ರಿಗೂ ಮೀರಿ ಸುಳ್ಳು. ನಾಲ್ಕು ಎಳೆಯದಂತೂ ಇನ್ನೂ ಬೆರಗು. ಎರಡರಲ್ಲಿ ಕರೆಂಟು ಕಳುಹಿಸುತ್ತಾರೆ, ಇನ್ನೆರಡರಲ್ಲಿ ವೋಲ್ಟೇಜನ್ನು ಬರಿದೇ ನೋಡುತ್ತಾರೆ. ನೋಡುವ ಎಳೆಗಳಲ್ಲಿ ಕರೆಂಟು ಹರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹರಿವಿಲ್ಲದ ಮೇಲೆ ರೋಧ ಎಷ್ಟಿದ್ದರೇನು, ಬಿಸಿಲು ಬಿದ್ದರೇನು, ಸ್ಕ್ರೂ ತುಸು ಸಡಿಲವಾದರೇನು!

ಕಾವೊಂದೇ ಅಲ್ಲ, ಗದ್ದಲವೂ ಇದೆ. 'ಕೆ' ಮಾದರಿಯ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು 41 ಮೈಕ್ರೋವೋಲ್ಟ್. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 41 ಪಾಲು. ಪಕ್ಕದ ಟ್ರೇಯಲ್ಲಿ 415 ವೋಲ್ಟಿನ ಮೋಟಾರ್ ಕೇಬಲ್ ಮಲಗಿದೆ. ಲೆಕ್ಕ ಹಾಕಿ: ಒಂದು ಕೋಟಿ ಪಟ್ಟು! ಜಾತ್ರೆಯ ಡೊಳ್ಳಿನ ಪಕ್ಕ ನಿಂತು ಪಿಸುಮಾತು ಕೇಳುವ ಕೆಲಸ. ಅದಕ್ಕೇ ಎರಡು ಎಳೆಗಳನ್ನು ಜಡೆಯಂತೆ ಹೆಣೆಯುತ್ತಾರೆ. ಒಂದು ತಿರುವಿನಲ್ಲಿ ನುಗ್ಗಿದ ಗದ್ದಲ ಮುಂದಿನ ತಿರುವಿನಲ್ಲಿ ಉಲ್ಟಾ ನುಗ್ಗಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಟೆಲಿಫೋನಿಗಾಗಿ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದ ಉಪಾಯ. ಮೇಲೊಂದು ಶೀಲ್ಡ್ ಸುತ್ತಿ, ಅದನ್ನು ಒಂದೇ ತುದಿಯಲ್ಲಿ ಅರ್ತ್ ಮಾಡುತ್ತಾರೆ. ಎರಡೂ ತುದಿಯಲ್ಲಿ ಮಾಡಿದರೆ ಗೋಪುರದ ನೆಲಕ್ಕೂ ರೂಮಿನ ನೆಲಕ್ಕೂ ಇರುವ ಸಣ್ಣ ವ್ಯತ್ಯಾಸವೇ ಶೀಲ್ಡಿನಲ್ಲಿ ಕರೆಂಟಾಗಿ ಹರಿದು, ಕಾವಲಿನವನೇ ಕಳ್ಳನಾಗುತ್ತಾನೆ.

ಇಷ್ಟೆಲ್ಲ ಪಾಡು ಯಾಕೆ, ಪಿಸುಮಾತನ್ನು ಅಲ್ಲೇ ಗಟ್ಟಿ ಮಾತಾಗಿಸಿ ಕಳುಹಿಸಬಾರದೇ? ಕಳುಹಿಸುತ್ತಾರೆ. ಸೆನ್ಸರಿನ ತಲೆಯಲ್ಲೇ ಬಿಸ್ಕತ್ತಿನಷ್ಟು ಗಾತ್ರದ ಟ್ರಾನ್ಸ್‌ಮಿಟರ್ ಕೂರಿಸಿ, ಉಷ್ಣತೆಯನ್ನು 4ರಿಂದ 20 ಮಿಲಿಆಂಪಿನ ಕರೆಂಟಾಗಿ ಬದಲಿಸುತ್ತಾರೆ. ವೋಲ್ಟೇಜು ದಾರಿಯಲ್ಲಿ ಕರಗುತ್ತದೆ, ಕರೆಂಟು ಕರಗದು. ಸೋರದ ಕೊಳವೆಯಲ್ಲಿ ಈ ತುದಿಗೆ ಎಷ್ಟು ನೀರು ಬಿಟ್ಟರೆ ಆ ತುದಿಗೂ ಅಷ್ಟೇ ಬರುವ ಹಾಗೆ. ಸೊನ್ನೆಯಿಂದ ಯಾಕೆ ಶುರುಮಾಡಲಿಲ್ಲ, 4ರಿಂದ ಯಾಕೆ? ಇದನ್ನು ಕೇಳಿದಾಗ ನನಗೆ ರೋಮಾಂಚನವಾಯಿತು. 4 ಎಂದರೆ "ಇಲ್ಲಿ ಅತಿ ಕಡಿಮೆ ಉಷ್ಣತೆ ಇದೆ, ನಾನು ಬದುಕಿದ್ದೇನೆ" ಎಂಬ ಮಾತು. ಸೊನ್ನೆ ಎಂದರೆ ತಂತಿ ಹರಿದಿದೆ. ಕಡಿಮೆ ಎಂದು ಹೇಳಲಿಕ್ಕೂ ಬಾಯಿ ತೆರೆಯಲೇಬೇಕು. ಮೌನಕ್ಕೆ ಬೇರೆಯೇ ಅರ್ಥ! ಆ ನಾಲ್ಕು ಮಿಲಿಆಂಪಿನಲ್ಲೇ ಟ್ರಾನ್ಸ್‌ಮಿಟರಿನ ಹೊಟ್ಟೆಯೂ ತುಂಬುತ್ತದೆ. ಅನ್ನ ಬರುವ ಎರಡು ತಂತಿಯಲ್ಲೇ ಸುದ್ದಿಯೂ ಹೋಗುತ್ತದೆ.

ಆದರೂ ನನಗೊಂದು ಪ್ರಶ್ನೆ ಉಳಿದಿತ್ತು. ಎಲ್ಲರೂ ತಂತಿಯ ಬಾಯಿ ಮುಚ್ಚಿಸುವುದರಲ್ಲೇ ತೊಡಗಿದ್ದಾರಲ್ಲ, ದಾರಿಯುದ್ದಕ್ಕೂ ಅದು ಕಂಡದ್ದನ್ನು ಯಾರೂ ಕೇಳುವುದೇ ಇಲ್ಲವೇ? ಕಾಕಾರನ್ನು ಕೇಳಿದೆ. ಅವರ ಮುಖ ಅರಳಿತು. "ನಡ್ರಿ, ಕಲ್ಲಿದ್ದಲ ಕಡೆ ಹೋಗೂಣು."

ಕಲ್ಲಿದ್ದಲು ಸಾಗುವ ಕನ್ವೇಯರ್ ಗ್ಯಾಲರಿ. ಒಂದು ಕಿಲೋಮೀಟರಿಗಿಂತಲೂ ಉದ್ದದ ತಗಡಿನ ಸುರಂಗ. ಬೆಲ್ಟಿನ ಕೆಳಗೆ ನೂರಾರು ರೋಲರುಗಳು. ಒಂದು ಜಾಮ್ ಆಗಿ ಉಜ್ಜಿ ಕಾದರೂ ಸಾಕು, ಪುಡಿಗೆ ಕಿಡಿ ಹತ್ತಬಹುದು. ನೂರಾರು ಸೆನ್ಸರ್ ಹಾಕುವುದೇ? ಇಲ್ಲ. ಒಂದೇ ಒಂದು ಗಾಜಿನ ಎಳೆ, ಆಪ್ಟಿಕಲ್ ಫೈಬರ್, ಉದ್ದಕ್ಕೂ ಮಲಗಿತ್ತು. ಅದರಲ್ಲಿ ಲೇಸರಿನ ಒಂದು ಮಿಣುಕನ್ನು ಬಿಡುತ್ತಾರೆ. ಹೋಗುವ ದಾರಿಯಲ್ಲೆಲ್ಲ ಒಂದಿಷ್ಟು ಬೆಳಕು ಚದುರಿ ಹಿಂದಕ್ಕೆ ಬರುತ್ತದೆ. ಆ ಚದುರಿದ ಬೆಳಕಿನಲ್ಲಿ ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಂಡಿರುತ್ತದೆ. ಗಾಜಿನ ಅಣುಗಳ ನಡುಕದಿಂದ ಒಂದಿಷ್ಟು ಶಕ್ತಿ ಕಸಿದುಕೊಂಡು ನೀಲಿಯ ಕಡೆಗೆ ಜರುಗಿದ ಬೆಳಕು, ಅಣುಗಳಿಗೆ ಶಕ್ತಿ ಕೊಟ್ಟು ಕೆಂಪಿನ ಕಡೆಗೆ ಜರುಗಿದ ಬೆಳಕು. ಗಾಜು ಬಿಸಿಯಾದಷ್ಟೂ ಮೊದಲನೆಯದರ ಪಾಲು ಹೆಚ್ಚುತ್ತದೆ. ಎರಡರ ಅನುಪಾತವೇ ಉಷ್ಣತೆ!

ರಾಮನ್ ಪರಿಣಾಮ! 1928ರಲ್ಲಿ ಕಲ್ಕತ್ತೆಯಲ್ಲಿ ಕೆ. ಎಸ್. ಕೃಷ್ಣನ್ ಜೊತೆಗೂಡಿ, ಲೇಸರಿನ ಹೆಸರೂ ಇಲ್ಲದ ಕಾಲದಲ್ಲಿ, ಸೂರ್ಯನ ಬೆಳಕನ್ನೇ ಮಸೂರದಿಂದ ದ್ರವಗಳ ಮೇಲೆ ಬೀಳಿಸಿ ಸಿ. ವಿ. ರಾಮನ್ ಕಂಡ ಬೆಳಕು. 1933ರಲ್ಲಿ ಬೆಂಗಳೂರಿಗೆ ಬಂದು, ತಾವೇ ಕಟ್ಟಿದ ಸಂಸ್ಥೆಯ ತೋಟದಲ್ಲಿ ಚಿತೆಯೇರಿದ ನಮ್ಮ ರಾಮನ್ ಅವರ ಬೆಳಕು ಈ ಕಲ್ಲಿದ್ದಲ ಧೂಳಿನ ಗ್ಯಾಲರಿಯಲ್ಲಿ ಕಾವಲು ಕಾಯುತ್ತಿದೆ ಎಂದು ತಿಳಿದಾಗ ನನಗೆ ಗಂಟಲು ಕಟ್ಟಿತು. ಕಾವು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಕಾಲದಿಂದ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಒಂದು ಕಿಲೋಮೀಟರ್ ಹೋಗಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಪಾಲು. ಒಂದು ಮೀಟರ್ ಆಚೀಚೆಯ ವ್ಯತ್ಯಾಸವೆಂದರೆ ಆ ಪಾಲಿನಲ್ಲೂ ಸಾವಿರದಲ್ಲೊಂದು. ಅದನ್ನೂ ಎಣಿಸುತ್ತಾರೆ! ಸಾವಿರಾರು ಮಿಣುಕು ಬಿಟ್ಟು, ಸರಾಸರಿ ತೆಗೆದು, ಮೀಟರು ಮೀಟರಿಗೂ ಒಂದೊಂದು ಉಷ್ಣತೆ ಬರೆಯುತ್ತಾರೆ.

ಕಾಕಾ ತುದಿಯಲ್ಲಿ ಉಳಿದಿದ್ದ ಹೆಚ್ಚುವರಿ ಫೈಬರಿನ ಸುರುಳಿಯನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಬಿಟ್ಟರು. ಪರದೆಯ ಮೇಲೆ ಎಡದಿಂದ ಬಲಕ್ಕೆ ಹರಿದಿದ್ದ ಗೆರೆಯ ಕೊನೆಯಲ್ಲಿ, 1,180ನೆಯ ಮೀಟರಿನಲ್ಲಿ, ನಿಧಾನಕ್ಕೆ ಒಂದು ಗುಡ್ಡ ಎದ್ದಿತು. ನಾನು ಮಗುವಿನಂತೆ ಕೂಗಿದೆ. ಸುರುಳಿ ಹೊರತೆಗೆದರು; ಗುಡ್ಡ ಕುಸಿಯುತ್ತಾ ಬಂತು. ಆಗಲೇ ನನ್ನ ಕಣ್ಣಿಗೆ ಇನ್ನೊಂದು ಬಿದ್ದದ್ದು. 640ನೆಯ ಮೀಟರಿನಲ್ಲಿ ಒಂದು ಪುಟ್ಟ ಉಬ್ಬು. ನಾಲ್ಕೈದು ಡಿಗ್ರಿ ಇರಬಹುದು. ಅಲ್ಲಿ ಯಾರೂ ಬಿಸಿನೀರು ಇಟ್ಟಿರಲಿಲ್ಲ.

ರೋಲರ್ ಕಾದಿರಬಹುದೆಂದು ಇಬ್ಬರೂ ಬೆಲ್ಟಿನ ಪಕ್ಕದ ಹಾದಿಯಲ್ಲಿ ಸರಸರ ನಡೆದೆವು. ಕಂಬಗಳ ಮೇಲಿನ ಅಂಕಿ ಎಣಿಸುತ್ತಾ ಹೋದೆವು. 620. 630. ಕಾಕಾ ರೋಲರುಗಳ ಹತ್ತಿರ ಒಂದೊಂದಕ್ಕೂ ಅಂಗೈ ಒಡ್ಡಿ ನೋಡಿದರು, ಎಲ್ಲವೂ ತಣ್ಣಗಿದ್ದವು. ಆಮೇಲೆ ತಲೆ ಎತ್ತಿದರು. ಹಿಂದಿನ ವಾರದ ಗಾಳಿಮಳೆಗೆ ಮಾಡಿನ ಒಂದು ತಗಡು ಹಾರಿಹೋಗಿತ್ತು. ಆ ಕಿಂಡಿಯಿಂದ ಇಳಿದ ನಾಲ್ಕು ಗಂಟೆಯ ಓರೆ ಬಿಸಿಲು, ಒಂದು ಚಾಪೆಯಷ್ಟು ಅಗಲ, ಗಾಜಿನ ಎಳೆಯ ಮೇಲೆ ಹಾಯಾಗಿ ಮಲಗಿತ್ತು.